ಕಾಯುವ ದುಡ್ಡು

ಮೊನ್ನೆ ಭಾವ ಬೆಂಗಳೂರಿನಿಂದ ಫೋನ್ ಮಾಡಿದ್ದರು. "ನಮ್ಮ ಸಬರ್ಬನ್ ರೈಲಿಗೆ ನಿಮ್ಮೂರ ಬ್ಯಾಂಕೇ ಸಾಲ ಕೊಡುತ್ತಂತಲ್ಲೋ!" ಅಂದರು. ನಿಜ. 148 ಕಿಲೋಮೀಟರಿನ ಆ ಯೋಜನೆಗೆ ಜರ್ಮನಿಯ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯು 50 ಕೋಟಿ ಯೂರೋ ಸಾಲ ಒಪ್ಪಿದೆ. ಫ್ರಾಂಕ್‌ಫರ್ಟ್‌ನಲ್ಲಿ ಅದರ ಬಣ್ಣಬಣ್ಣದ ಗಾಜಿನ ಕಟ್ಟಡದ ಹತ್ತಿರವೇ ನಾನು ಓಡಾಡುತ್ತೇನೆ. ಖುಷಿಯಾಯಿತು. ಜೊತೆಗೆ ಚುಚ್ಚಿತು ಕೂಡ. ನಮ್ಮ ರೈಲಿಗೆ ಇಷ್ಟು ದೂರದಿಂದ ದುಡ್ಡು ಬರಬೇಕಾ?

ನಮ್ಮ ಮನೆ ಮಾಲೀಕರು ಹಳೇ ಕಿಟಕಿ ತೆಗೆಸಿ, ಗೋಡೆಗೆ ಚಳಿ ತಡೆಯುವ ಹೊದಿಕೆ ಹಾಕಿಸಿದರು. ಆ ಸಾಲವೂ ಕೆಎಫ್‌ಡಬ್ಲ್ಯುದೇ. ಅರ್ಜಿ ಹಾಕಿದ್ದು ಮಾತ್ರ ತಮ್ಮ ಖಾತೆ ಇರುವ ಬ್ಯಾಂಕಿನಲ್ಲಿ. ಮನೆಯ ಕಿಟಕಿಗೂ ಊರಿನ ರೈಲಿಗೂ ಒಂದೇ ಖಜಾನೆ!

ಈ ಬ್ಯಾಂಕ್ ಶುರುವಾದದ್ದು 1948ರಲ್ಲಿ, ಯುದ್ಧದಲ್ಲಿ ನೆಲಕಚ್ಚಿದ ದೇಶವನ್ನು ಮತ್ತೆ ಕಟ್ಟೋಕೆ. ಯುದ್ಧ ಮುಗಿದ ಮೇಲೆ ಯುರೋಪಿಗೆ ಕೊಟ್ಟ ಮಾರ್ಷಲ್ ಯೋಜನೆ ಅನ್ನೋ ನೆರವಿನಲ್ಲಿ ಅಮೆರಿಕದಿಂದ ಸಾಮಾನು ಬಂತು. ಕೊಂಡವರು ಇಲ್ಲಿನ ಆಗಿನ ದುಡ್ಡು ಮಾರ್ಕಿನಲ್ಲಿ ಬೆಲೆ ಕೊಟ್ಟರು. ಆ ದುಡ್ಡು ಕಲ್ಲಿದ್ದಲು ಗಣಿ, ವಿದ್ಯುತ್ತು, ಮನೆಗಳಿಗೆ ಸಾಲವಾಗಿ ಹೋಯಿತು. ತೀರಿ ಬಂದದ್ದು ಇನ್ನೊಬ್ಬರಿಗೆ ಸಾಲವಾಯಿತು. ಆ ಗಂಟು ಇವತ್ತಿಗೂ ಕರಗಿಲ್ಲ. ಬ್ಯಾಂಕಿನಲ್ಲಿ ನೂರಕ್ಕೆ 80 ಪಾಲು ಕೇಂದ್ರದ್ದು, 20 ಪಾಲು ರಾಜ್ಯಗಳದ್ದು. ಲಾಭವನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಕಾನೂನೇ ಹಾಗಿದೆ. ಒಳಗೇ ಉಳಿಯಬೇಕು. ನನಗೆ ಹಿಡಿಸಿದ್ದು ಈ ತಾಳ್ಮೆ.

ನಮ್ಮಲ್ಲೂ ಇತ್ತಲ್ವಾ? ಐಡಿಬಿಐ 1964ರಲ್ಲಿ ಹುಟ್ಟಿತು, ಉದ್ಯಮಕ್ಕೆ ದೀರ್ಘ ಸಾಲ ಕೊಡೋಕೆ ಅಂತಲೇ. 2004ರಲ್ಲಿ ಅದನ್ನು ಮಾಮೂಲಿ ಬ್ಯಾಂಕ್ ಮಾಡಿದೆವು. ಆಮೇಲೆ ರಸ್ತೆ, ವಿದ್ಯುತ್ ಸ್ಥಾವರಗಳ ಭಾರ ಮಾಮೂಲಿ ಬ್ಯಾಂಕುಗಳ ತಲೆ ಮೇಲೆ ಬಿತ್ತು. ಎರಡು, ಮೂರು ವರ್ಷಕ್ಕೆ ಜನ ಇಟ್ಟ ಠೇವಣಿ ತಗೊಂಡು ಇಪ್ಪತ್ತು ವರ್ಷದ ಸಾಲ ಕೊಟ್ಟರೆ ಏನಾಗುತ್ತೆ? ಎಷ್ಟೋ ಸಾಲ ವಸೂಲೇ ಆಗಲಿಲ್ಲ. ಕೊನೆಗೆ 2021ರಲ್ಲಿ ಇಂಥ ದೀರ್ಘ ಸಾಲಕ್ಕೆಂದೇ ನ್ಯಾಬ್‌ಫಿಡ್ ಅಂತ ಇನ್ನೊಂದು ಬ್ಯಾಂಕ್ ಹೊಸದಾಗಿ ಶುರು ಮಾಡಿದೆವು. ಇದ್ದದ್ದನ್ನೇ ಸರಿ ಮಾಡಿಕೊಂಡು ಹೋಗಬಹುದಿತ್ತು ಅಂತ ನನಗೆ ಈಗಲೂ ಸಂಕಟ.

ಇದನ್ನೆಲ್ಲ ಭಾವನ ಹತ್ತಿರ ಒಂದೇ ಉಸಿರಿನಲ್ಲಿ ಹೇಳಿದೆ. ಇಲ್ಲಿನವರೂ ಎಡವಿದ್ದಾರೆ ಅನ್ನೋದನ್ನು ಮಾತ್ರ ಹೇಳಿರಲಿಲ್ಲ. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ ದಿನವೇ ಕೆಎಫ್‌ಡಬ್ಲ್ಯು ಅವರಿಗೆ 30 ಕೋಟಿ ಯೂರೋಗೂ ಜಾಸ್ತಿ ಕಳಿಸಿಬಿಟ್ಟಿತ್ತು.

ಭಾವ ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ನಮ್ಮೂರ ಹಳ್ಳದ ಸೇತುವೆ ಯಾರ ದುಡ್ಡಲ್ಲಿ ಆಯ್ತು, ಗೊತ್ತಾ? ಬೋರ್ಡಿನಲ್ಲೇ ಇದೆಯಲ್ಲೋ, ನಬಾರ್ಡ್ ಅಂತ" ಅಂದರು.

ಹೌದು. ಹಳ್ಳಿ ರಸ್ತೆ, ಸೇತುವೆ, ಸಣ್ಣ ನೀರಾವರಿಗೆ ಅಂತ ನಬಾರ್ಡ್ 1995ರಿಂದ ರಾಜ್ಯಗಳಿಗೆ ಸಾಲ ಕೊಡುತ್ತಾ ಬಂದಿದೆ. ಆ ಸೇತುವೆ ಆಗೋ ಮುಂಚೆ ಮಳೆಗಾಲದಲ್ಲಿ ಹಳ್ಳ ಇಳಿಯೋ ತನಕ ನಮಗೆ ಸ್ಕೂಲೇ ಇರುತ್ತಿರಲಿಲ್ಲ. ಪ್ರತಿ ಸಲ ಊರಿಗೆ ಹೋದಾಗಲೂ ಅದರ ಮೇಲೇ ದಾಟುತ್ತೇನೆ. ಬೋರ್ಡ್ ಮಾತ್ರ ಒಂದು ದಿನವೂ ನಿಂತು ಓದಿರಲಿಲ್ಲ.