ಹನ್ನೆರಡು ವರ್ಷದ ಹುಡುಗನಿಗೆ 26 ಪೌಂಡ್

ಒಂದು ಫುಟ್‌ಬಾಲ್ ಮ್ಯಾಚ್ ಟಿಕೆಟ್ಟಿಗೆ 26 ಪೌಂಡ್! ದೊಡ್ಡವರ ರೇಟು. ನನ್ನ ಮಗನಿಗೆ ಹನ್ನೆರಡು ತುಂಬಿ ಇನ್ನೂ ಮೂರು ವಾರ ಆಗಿಲ್ಲ.

ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೇರೆ ಊರಿಗೆ ಹೋಗಿ ನಮ್ಮ ಟೀಮು ಮ್ಯಾಚ್ ಸೋತಿದ್ದಕ್ಕಲ್ಲ, ಸೋಲು ಗೆಲುವು ಇದ್ದದ್ದೇ. ಕಣ್ಣು ಮುಚ್ಚಿದರೆ ಆ ಟಿಕೆಟ್ ಕಿಟಕಿಯೇ ಬರುತ್ತದೆ.

ಗಾಜಿನ ಹಿಂದೆ ಕೂತಿದ್ದ ಹೆಂಗಸು ಕೆಟ್ಟವರೇನಲ್ಲ. "ಹುಡುಗನಿಗೆ ಎಷ್ಟು ವಯಸ್ಸು?" ಅಂತ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅವನು "ಹನ್ನೆರಡು" ಅಂದ. ನಿಜ ಹೇಳು ಅಂತ ಕಲಿಸಿದ್ದು ನಾವೇ ಅಲ್ವಾ? "ಹೊರಗಿಂದ ಬಂದ ಟೀಮಿನ ಬೆಂಬಲಿಗರ ಗೇಟಲ್ಲಿ ಮಕ್ಕಳ ರೇಟು ಹನ್ನೆರಡರ ಒಳಗಿನವರಿಗೆ ಮಾತ್ರ" ಅಂದರು. ಪಕ್ಕದಲ್ಲೇ ಆ ಊರಿನವರ ಬೋರ್ಡು: 16ರ ಒಳಗೆ 8 ಪೌಂಡ್. ಬೆರಳು ಮಾಡಿ ತೋರಿಸಿದೆ. "ಅದು ಹೋಮ್ ಸ್ಟ್ಯಾಂಡಿಗೆ" ಅಂದರು. ಅಷ್ಟೇ.

ಹಿಂದೆ ಕ್ಯೂ ಬೆಳೆದಿತ್ತು, ಎಲ್ಲ ನಮ್ಮದೇ ಜರ್ಸಿಯವರು. ಯಾರೋ ಗಂಟಲು ಸರಿಮಾಡಿಕೊಂಡರು. ಮಳೆ ಹನಿ ಬೀಳುತ್ತಿತ್ತು. ನಾನು ಕಾರ್ಡು ಹಿಡಿದು ಸುಮ್ನೆ ನಿಂತಿದ್ದೆ. ಮಗ ನನ್ನ ಜಾಕೆಟ್ ತೋಳು ಜಗ್ಗಿದ. ಮನೆಯಲ್ಲಿ ಕನ್ನಡ ಮಾತಾಡೋ ಅಂತ ನೂರು ಸಲ ಹೇಳಬೇಕು ಅವನಿಗೆ. ಆ ಕ್ಯೂನಲ್ಲಿ ಮಾತ್ರ, ಬೇರೆಯವರಿಗೆ ತಿಳಿಯಬಾರದು ಅಂತ, ತಾನಾಗೇ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಅಪ್ಪ, ನೀನು ಹೋಗಿ ನೋಡು. ನಾನು ಬಸ್ಸಲ್ಲಿ ಕೂತಿರ್ತೀನಿ."

52 ಪೌಂಡ್ ಕೊಟ್ಟೆ. ಕೂರೋಕೆ ಸೀಟಿಲ್ಲ, ತಲೆ ಮೇಲೆ ಸೂರಿಲ್ಲ. ಗೋಲ್ ಹಿಂದಿನ ಕಾಂಕ್ರೀಟ್ ಮೆಟ್ಟಿಲು. ಎರಡು ಗಂಟೆ ನೆಂದೆವು.

ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಹೊರಗಿನ ಬೆಂಬಲಿಗರಿಗೆ 30 ಪೌಂಡ್‌ಗಿಂತ ಜಾಸ್ತಿ ತಗೊಳ್ಳುವಂತಿಲ್ಲ. 2016ರಿಂದ ಆ ಮಿತಿ ಇದೆ. ಅದಕ್ಕೂ ಮೊದಲು, 2013ರಲ್ಲೇ, ಹೊರಗಿಂದ ಬರುವವರಿಗೆ 20 ಪೌಂಡ್ ಸಾಕು ಅಂತ ಬೆಂಬಲಿಗರು ಚಳವಳಿ ಮಾಡಿದ್ದರು. ನಾವು ಹೋಗಿದ್ದು ಲೀಗ್ ಟೂ ಮ್ಯಾಚಿಗೆ, ನಾಲ್ಕನೇ ದರ್ಜೆ. ಇಲ್ಲಿ ಒಬ್ಬ ಹುಡುಗನಿಗೆ 26!

ಇರಲಿ, ಚಿಕ್ಕ ಕ್ಲಬ್ಬುಗಳ ಕಷ್ಟ ಗೊತ್ತು. ಟಿವಿಯಿಂದ ಬರುವ ದುಡ್ಡು ಕಡಿಮೆ, ಗೇಟಿನ ದುಡ್ಡಲ್ಲೇ ಸಂಬಳ ಆಗಬೇಕು. ಅವರೂ ಬದುಕಬೇಕಲ್ಲ. ಬಿಟ್ಟುಬಿಡೋಣ ಅನಿಸುತ್ತದೆ.

ಇಲ್ಲ, ಬಿಡೋಕೆ ಆಗಲ್ಲ. ಒಂದೇ ಥರದ ಜಾಗಕ್ಕೆ ಹೊರಗಿನವರಿಂದ ಜಾಸ್ತಿ ತಗೊಳ್ಳಬಾರದು ಅಂತ ನಮ್ಮ ಲೀಗಿನ ನಿಯಮವೇ ಇದೆ. ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವ ರಿಯಾಯಿತಿ ನಮಗೂ ಸಿಗಬೇಕು. ಆ "ಒಂದೇ ಥರದ ಜಾಗ" ಅನ್ನೋ ಮಾತಲ್ಲೇ ಎಲ್ಲ ನುಸುಳಿಕೊಳ್ಳೋದು. ಅವರ ಮೆಟ್ಟಿಲಿಗೆ ಸೂರಿದೆ, ನಮ್ಮದಕ್ಕಿಲ್ಲ, ಹಾಗಾಗಿ ಅದು ಬೇರೆ ಜಾಗವಂತೆ! ಹಾಗಾದರೆ ನೆನೆಯುವ ಜಾಗಕ್ಕೆ ಕಡಿಮೆ ತಾನೇ ಇರಬೇಕು? ವರ್ಷಕ್ಕೊಮ್ಮೆ ಬಂದು ಹೋಗುವವರು, ಕೇಳೋಕೆ ಯಾರು ಬರ್ತಾರೆ ಅನ್ನೋ ಧೈರ್ಯ ಇದು.

ಆ ಕ್ಲಬ್ಬಿಗೆ ರಾತ್ರಿಯೇ ಬರೆದೆ. ನಮ್ಮ ಕ್ಲಬ್ಬಿಗೂ ಬರೆದೆ, ನಮ್ಮ ಮೈದಾನಕ್ಕೆ ಬರುವ ಮಕ್ಕಳಿಗೆ ಎಷ್ಟು ತಗೊಳ್ಳುತ್ತೀರಿ ಅಂತ. ಯಾರಾದರೂ ಒಬ್ಬರು ಉತ್ತರ ಕೊಡಿ.

ಬೆಳಗ್ಗೆ ಬೂಟಿನೊಳಗೆ ಪೇಪರ್ ತುರುಕಿ ಒಣಗಿಸುತ್ತಿದ್ದೆ. ಮಗ ಪಕ್ಕದಲ್ಲಿ ಬಂದು ಕೂತ.

"ಅಪ್ಪ, ಮುಂದಿನ ಸಲ ಹನ್ನೊಂದು ಅಂತ ಹೇಳ್ಲಾ?"