ಬೋರ್ಡು ಹೇಳುವುದು ಬ್ರೆಡ್ಡಿನ ಮಾತು, ಕ್ರೊಸಾಂಟಿನದಲ್ಲ

ಊರಿಂದ ಪ್ಯಾರಿಸ್ಸಿಗೆ ಬರುವ ಕನ್ನಡಿಗರ ಫೋನಿನಲ್ಲಿ ಈಗ ಒಂದು ಪಟ್ಟಿ ಇದ್ದೇ ಇರುತ್ತದೆ. ಐಫೆಲ್ ಗೋಪುರ, ಲೂವ್ರ್, ಅದರ ಕೆಳಗೆ ರೀಲ್ಸ್ ನೋಡಿ ಗುರುತು ಹಾಕಿಕೊಂಡ ನಾಲ್ಕಾರು ಪೇಸ್ಟ್ರಿ ಅಂಗಡಿಗಳು. ಆ ಅಂಗಡಿಗಳ ಮುಂದೆ ಪ್ರವಾಸಿಗರದೇ ಸಾಲು. ನನ್ನ ಅನಿಸಿಕೆ ಇಷ್ಟು: ಪಟ್ಟಿಯಲ್ಲಿ ಒಂದೆರಡು ಹೆಸರು ಉಳಿಸಿಕೊಂಡು, ಉಳಿದ ಬೆಳಗುಗಳಲ್ಲಿ ನೀವು ಇಳಿದುಕೊಂಡಿರುವ ಬಡಾವಣೆಯವರು ನಿತ್ಯ ಹೋಗುವ ಅಂಗಡಿಯನ್ನೇ ಹುಡುಕಿ. ಹುಡುಕುವ ಕ್ರಮ ಮಾತ್ರ ನಮ್ಮೂರಿನದು ಇಲ್ಲಿ ನಡೆಯುವುದಿಲ್ಲ.

ಬೆಂಗಳೂರಿನಲ್ಲಿ, ಹಾಸನದಲ್ಲಿ ಬೇಕರಿ ಹುಡುಕಲು ಮೂಗು ಸಾಕು. ಸಂಜೆ ನಾಲ್ಕರ ಮೇಲೆ ಖಾರಾ ಬನ್ನು, ಪಫ್ಸು ಒಲೆಯಿಂದ ಬಂದ ವಾಸನೆ ರಸ್ತೆಗೇ ಬರುತ್ತದೆ. ಬೋರ್ಡನ್ನು ನಂಬಿ ಯಾರೂ ಹೋಗುವುದಿಲ್ಲ. ‘ಅಯ್ಯಂಗಾರ್ ಬೇಕರಿ’ ಎಂದು ಯಾರು ಬೇಕಾದರೂ ಬರೆಸಬಹುದು, ಬರೆಸಿಯೂ ಇದ್ದಾರೆ. ಹಾಗಾಗಿ ನಾವು ನಂಬುವುದು ಪಕ್ಕದ ಮನೆಯವರ ಮಾತನ್ನು: ‘ಹನಿ ಕೇಕ್ ಅಲ್ಲಿ ತಗೊಳ್ಳಿ, ಬೆಣ್ಣೆ ಬಿಸ್ಕತ್ತು ಮಾತ್ರ ಇಲ್ಲಿ’.

ಫ್ರಾನ್ಸಿನಲ್ಲಿ ಬೋರ್ಡಿಗೇ ಕಾನೂನಿದೆ. 1998ರ ಮೇ 25ರ ಕಾನೂನಿನ ಪ್ರಕಾರ, ಹಿಟ್ಟು ನಾದುವುದು, ಹುದುಗಿಸುವುದು, ಆಕಾರ ಕೊಡುವುದು, ಸುಡುವುದು ಎಲ್ಲವನ್ನೂ ಮಾರುವ ಜಾಗದಲ್ಲೇ ಮಾಡುವವರು ಮಾತ್ರ ‘ಬುಲಾಂಜರಿ’, ಅಂದರೆ ಬ್ರೆಡ್ ಬೇಕರಿ, ಎಂದು ಬರೆಸಬಹುದು. ಯಾವ ಹಂತದಲ್ಲೂ ಹಿಟ್ಟನ್ನಾಗಲಿ ಬ್ರೆಡ್ಡನ್ನಾಗಲಿ ಫ್ರೀಜ್ ಮಾಡುವಂತಿಲ್ಲ. ಬೇರೆ ಕಡೆಯಿಂದ ತರಿಸಿ ಮಾರುವ ಅಂಗಡಿ ‘ದೆಪೊ ದ ಪ್ಯಾಂ’ ಆಗುತ್ತದೆ, ಅಂದರೆ ಬ್ರೆಡ್ಡಿನ ಡಿಪೋ. ಇದಕ್ಕೂ ಮೊದಲು, 1993ರ ಸೆಪ್ಟೆಂಬರ್ 13ರ ಆದೇಶ ‘ಟ್ರಾಡಿಸಿಯೊಂ’ (ಸಾಂಪ್ರದಾಯಿಕ) ಬಗೆಟ್ಟಿಗೆ, ಅಂದರೆ ಉದ್ದ ಕೋಲಿನಂಥ ಬ್ರೆಡ್ಡಿಗೆ, ಇನ್ನೂ ಬಿಗಿಯಾದ ನಿಯಮ ಹಾಕಿತ್ತು: ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು ಅಷ್ಟೇ. ಅದರ ಮೇಲೆ ಬೇಕಿದ್ದರೆ ಶೇ. 2ರವರೆಗೆ ಫಾವಾ ಅವರೆಯ ಹಿಟ್ಟು, ಶೇ. 0.5ರವರೆಗೆ ಸೋಯಾ ಹಿಟ್ಟು, ಶೇ. 0.3ರವರೆಗೆ ಗೋಧಿ ಮಾಲ್ಟ್. ಬೇರೆ ರಾಸಾಯನಿಕ ಸೇರಿಸುವಂತಿಲ್ಲ.

ಪ್ರವಾಸಿಗರು ಎಡವುವುದು ಇಲ್ಲೇ. ಈ ಕಾನೂನು ಕಾಯುವುದು ಬ್ರೆಡ್ಡನ್ನು. ಬೆಣ್ಣೆ ಪದರಗಳ ಕ್ರೊಸಾಂಟು, ಚಾಕೊಲೇಟ್ ತುಂಬಿದ ಪ್ಯಾಂ ಓ ಶೊಕೊಲಾ, ಸೇಬು ತುಂಬಿದ ಶೊಸೊಂ ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. ಬೋರ್ಡಿನಲ್ಲಿ ಬುಲಾಂಜರಿ ಎಂದಿರುವ ಅಂಗಡಿ, ಕಾರ್ಖಾನೆಯಿಂದ ಫ್ರೀಜ್ ಆಗಿ ಬಂದ ಕ್ರೊಸಾಂಟನ್ನು ಒಲೆಗೆ ಹಾಕಿ ಬಿಸಿಬಿಸಿ ಮಾರಿದರೂ ಅದು ಅಕ್ರಮವಲ್ಲ. ಎಷ್ಟೋ ಕಡೆ ಒಳ್ಳೆಯ ಬಗೆಟ್ಟಿನ ಪಕ್ಕದಲ್ಲೇ ಇಂಥ ಕ್ರೊಸಾಂಟು ಕೂತಿರುತ್ತದೆ. ವಾಸನೆಯಿಂದ ಗೊತ್ತಾಗುವುದಿಲ್ಲ; ಬೆಣ್ಣೆ ಎಲ್ಲಿಂದ ಬಂದರೂ ಒಲೆಯಲ್ಲಿ ಘಮಘಮ ಅನ್ನುತ್ತದೆ. ಮೂಗು ನಂಬುವ ನಮ್ಮವರು ಮೋಸ ಹೋಗುವುದು ಅದಕ್ಕೇ.

ಹಾಗಾದರೆ ಏನು ನೋಡಬೇಕು? ಮೊದಲು ಕ್ರೊಸಾಂಟು ಹೇಗಾಗುತ್ತದೆ ಎಂಬುದನ್ನು. ಹಾಲು ಅಥವಾ ನೀರು, ಸಕ್ಕರೆ, ಉಪ್ಪು, ಯೀಸ್ಟ್ ಹಾಕಿ ನಾದಿದ ಹಿಟ್ಟನ್ನು ತಣ್ಣಗಿಟ್ಟು, ಅದರೊಳಗೆ ಬೆಣ್ಣೆಯ ಹಾಳೆ ಇಟ್ಟು ಲಟ್ಟಿಸಿ, ಮೂರು ಪಟ್ಟಾಗಿ ಮಡಚುತ್ತಾರೆ. ನಡುನಡುವೆ ಫ್ರಿಜ್ಜಿನಲ್ಲಿಟ್ಟು ಮೂರು ಸಲ ಹೀಗೆ ಮಾಡಿದರೆ ಬೆಣ್ಣೆ 27 ಪದರವಾಗುತ್ತದೆ. ಒಂದು ಕಿಲೋ ಮೈದಾಕ್ಕೆ ಅರ್ಧ ಕಿಲೋ ಆಸುಪಾಸು ಬೆಣ್ಣೆ ಹಿಡಿಯುತ್ತದೆ. ಚಿರೋಟಿಗೆ ಸಾಟಿ ಹಚ್ಚಿ ಮಡಚುವವರಿಗೆ ಇದರ ತತ್ವ ಹೊಸದೇನಲ್ಲ. ವ್ಯತ್ಯಾಸವೆಂದರೆ ಸಾಟಿ ಮೆತ್ತಗಿದ್ದರೂ ನಡೆಯುತ್ತದೆ, ಕ್ರೊಸಾಂಟಿನ ಬೆಣ್ಣೆ ಒಲೆ ಸೇರುವತನಕ ಗಟ್ಟಿಯಾಗೇ ಇರಬೇಕು. ತೀರಾ ತಣ್ಣಗಿದ್ದರೆ ಲಟ್ಟಿಸುವಾಗ ಚೂರುಚೂರಾಗಿ ಒಡೆದು ಪದರ ಹರಿಯುತ್ತದೆ. ಸುತ್ತಿದ ಮೇಲೆ ಉಬ್ಬಲು ಬಿಡುವ ಜಾಗ 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಣ್ಣೆ ಕರಗತೊಡಗಿ ಹಿಟ್ಟಿಗೆ ಇಳಿಯುತ್ತದೆ, ಪದರ ಹೋಗಿ ಬನ್ನಾಗುತ್ತದೆ. ಉಬ್ಬಲು ಎರಡು ತಾಸಾದರೂ ಬೇಕು. ಅವಸರ ಮಾಡಿದರೆ ಒಲೆಯಲ್ಲಿ ಬೆಣ್ಣೆ ಹೊರಕ್ಕೆ ಹರಿದು ತಟ್ಟೆಯಲ್ಲಿ ನಿಲ್ಲುತ್ತದೆ, ತಳ ಕರಿದಂತಾಗುತ್ತದೆ.

ಈ ತಪ್ಪುಗಳೆಲ್ಲ ತಿಂಡಿಯ ಮೇಲೇ ಬರೆದಿರುತ್ತವೆ. ಒಂದೇ ಒಂದು ಕ್ರೊಸಾಂಟ್ ಕೊಳ್ಳಿ. ಒಂದೂಕಾಲು ಯೂರೋ ಆಸುಪಾಸು, ಅಷ್ಟೇ. ಗಾತ್ರಕ್ಕೆ ಹೋಲಿಸಿದರೆ ಕೈಯಲ್ಲಿ ಹಗುರವಾಗಿರಬೇಕು. ತಳ ತಿರುಗಿಸಿ ನೋಡಿ: ಒಣಗಿದ್ದು ಕಂದುಬಣ್ಣವಾಗಿರಬೇಕು, ಎಣ್ಣೆಯಲ್ಲಿ ಮಿಂದಿರಬಾರದು. ಅಡ್ಡಕ್ಕೆ ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೆರೆದ ಗೂಡುಗಳು ಸುರುಳಿಯಾಗಿ ಕಾಣಬೇಕು. ನಡುವೆ ಹಸಿಹಿಟ್ಟಿನಂಥ ಗಟ್ಟಿ ಉಂಗುರವಿದ್ದರೆ ಉಬ್ಬಲು ಸಮಯ ಕೊಟ್ಟಿಲ್ಲ. ಮೇಲಿನ ಬಣ್ಣ ಗಾಢ ಕಂದಾಗಿರಲಿ. ತಿಳಿಹಳದಿಯ, ಮೆತ್ತನೆಯ, ಒಂದರಂತೆ ಇನ್ನೊಂದು ಅಚ್ಚೊತ್ತಿದ ಸಾಲು ಕಂಡರೆ ನನಗೆ ಅನುಮಾನ. ಆಕಾರಕ್ಕೂ ಒಂದು ರೂಢಿ ಇದೆ: ನೆಟ್ಟಗಿರುವುದು ಬೆಣ್ಣೆಯದು, ಎರಡೂ ತುದಿ ಬಾಗಿ ಅರ್ಧಚಂದ್ರವಾಗಿರುವುದು ಮಾರ್ಗರೀನಿನದು. ಇದು ರೂಢಿಯಷ್ಟೇ, ಕಾನೂನಲ್ಲ. ಆದ್ದರಿಂದ ಚೀಟಿಯಲ್ಲಿ ‘ಓ ಬ್ಯೂರ್’, ಅಂದರೆ ಬೆಣ್ಣೆಯದು, ಎಂದಿದೆಯೇ ನೋಡಿಕೊಳ್ಳಿ.

ಕೇಳುವುದಿದ್ದರೆ ಸರಿಯಾಗಿ ಕೇಳಿ. ‘ಸೆ ಫೆ ಸ್ಯುರ್ ಪ್ಲಾಸ್?’ ಅಂದರೆ ಇಲ್ಲೇ ಮಾಡಿದ್ದೇ ಎಂದು. ಉತ್ತರದಲ್ಲಿ ‘ಫೆ’ ಬದಲು ‘ಕ್ಯುಯಿ’ ಬಂದರೆ, ಅಂದರೆ ಇಲ್ಲೇ ಸುಟ್ಟದ್ದು ಎಂದರೆ, ಅರ್ಥ ಮಾಡಿಕೊಳ್ಳಿ. ಸುಳ್ಳು ಹೇಳಿಲ್ಲ ಅವರು. ಇನ್ನೊಂದು ಸುಳಿವು ಬಗೆಗಳ ಎಣಿಕೆ. ಸಣ್ಣ ಅಂಗಡಿಯಲ್ಲಿ ಇಬ್ಬರು ಮೂವರು ಕೆಲಸದವರು ಆರೇಳು ಬಗೆ ಮಾಡಬಲ್ಲರು. ಇಪ್ಪತ್ತೈದು ಬಗೆ ಜೋಡಿಸಿಟ್ಟಿದ್ದರೆ ಕೆಲವಾದರೂ ಪೆಟ್ಟಿಗೆಯಲ್ಲಿ ಬಂದವು.

ಕಿಟಕಿಯ ಮೇಲಿನ ಸ್ಟಿಕ್ಕರುಗಳನ್ನೂ ಓದಿ ನೋಡಬೇಕು. ಪ್ಯಾರಿಸ್ ನಗರದ ಬಗೆಟ್ ಸ್ಪರ್ಧೆ 1994ರಿಂದ ನಡೆಯುತ್ತಿದೆ. ಗೆದ್ದವರಿಗೆ 4,000 ಯೂರೋ, ಜೊತೆಗೆ ಒಂದು ವರ್ಷ ಅಧ್ಯಕ್ಷರ ಎಲಿಸೇ ಅರಮನೆಗೆ ಬ್ರೆಡ್ ಒದಗಿಸುವ ಗೌರವ. ಆ ಬಹುಮಾನ ಬಗೆಟ್ಟಿಗೆ ಸಂದದ್ದು, ಪೇಸ್ಟ್ರಿಗಲ್ಲ. ವರ್ಷವನ್ನೂ ನೋಡಿ, ಹಳೆಯ ಸ್ಟಿಕ್ಕರನ್ನು ಯಾರು ಕಿತ್ತುಹಾಕುತ್ತಾರೆ? ಕೊರಳಪಟ್ಟಿಯಲ್ಲಿ ಫ್ರೆಂಚ್ ಬಾವುಟದ ಮೂರು ಬಣ್ಣ ಧರಿಸುವ ‘ಮೆಯೂರ್ ಉವ್ರಿಯೇ ದ ಫ್ರಾನ್ಸ್’ (ಫ್ರಾನ್ಸಿನ ಶ್ರೇಷ್ಠ ಕುಶಲಕರ್ಮಿ) ಬಿರುದು ವ್ಯಕ್ತಿಗೆ ಸೇರಿದ್ದು, ಅಂಗಡಿಗಲ್ಲ. ಅದೂ ಒಂದೊಂದು ಕಸುಬಿಗೆ ಬೇರೆಬೇರೆ: ಬ್ರೆಡ್ಡಿನವರದು ಬೇರೆ, ಪೇಸ್ಟ್ರಿಯವರದು ಬೇರೆ.

ಹೊತ್ತಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಇಲ್ಲಿಯವರ ಕಡೆ. ನಮ್ಮಲ್ಲಿ ಗಾಜಿನ ಪೆಟ್ಟಿಗೆ ರಾತ್ರಿ ಒಂಬತ್ತಕ್ಕೂ ತುಂಬಿರಬೇಕು, ಖಾಲಿ ಇದ್ದರೆ ‘ವ್ಯಾಪಾರ ಇಲ್ಲ ಪಾಪ’ ಅನ್ನುತ್ತೇವೆ. ಇಲ್ಲಿ ಹನ್ನೊಂದಕ್ಕೆ ಕ್ರೊಸಾಂಟ್ ಮುಗಿದರೆ ಮುಗಿಯಿತು, ಅದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ. ರಾತ್ರಿಯಿಡೀ ಉಳಿಯಲೇಬೇಕಾದ ತಿಂಡಿಗೆ ಏನೇನೋ ಸೇರಿಸಬೇಕಾಗುತ್ತದೆ. ಮುಗಿಯಲೆಂದೇ ಮಾಡಿದ್ದಕ್ಕೆ ಅದು ಬೇಡ. ಹಾಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೋಗಿ. ಬಗೆಟ್ ಬೇಕಿದ್ದರೆ ಸಂಜೆ ಐದರ ಆಸುಪಾಸು, ರಾತ್ರಿ ಊಟಕ್ಕೆಂದು ಇನ್ನೊಂದು ಸರದಿ ಸುಡುತ್ತಾರೆ. ವಾರದ ರಜೆ ಬಹಳ ಕಡೆ ಭಾನುವಾರ ಮಧ್ಯಾಹ್ನದಿಂದ ಸೋಮವಾರ, ಕೆಲವು ಕಡೆ ವಾರದ ನಡುವೆ. ಆಗಸ್ಟಿನಲ್ಲಿ ಎರಡು ಮೂರು ವಾರ ಬಾಗಿಲು ಹಾಕಿ ಕಾಗದ ಅಂಟಿಸಿ ಹೋಗುವವರು ಅನೇಕರು. ಮೇ 1 ಕಾರ್ಮಿಕರ ದಿನ, ಅಂದಿನ ಯೋಜನೆಯಲ್ಲಿ ಬೇಕರಿ ಇಟ್ಟುಕೊಳ್ಳಬೇಡಿ. ಮ್ಯಾಪಿನಲ್ಲಿ ‘ತೆರೆದಿದೆ’ ಎಂದಿದ್ದರೂ ಬಾಗಿಲ ಮೇಲಿನ ಕಾಗದದ ಮಾತೇ ಕೊನೆಯದು.

ಒಳಗೆ ಹೋದ ಕೂಡಲೇ ‘ಬೊಂಜೂರ್’. ಅದಿಲ್ಲದೆ ನೇರ ಬೆರಳು ತೋರಿಸಿ ‘ಅದು ಎರಡು’ ಅನ್ನುವುದು ಇಲ್ಲಿ ಒರಟುತನ. ನಮ್ಮ ಬೇಕರಿಯಲ್ಲಿ ಕಟ್ಟೆಗೆ ಒರಗಿ ಮೂವರು ಏಕಕಾಲಕ್ಕೆ ಕೂಗಿದರೂ ಮೂವರಿಗೂ ಪೊಟ್ಟಣ ಸಿಗುತ್ತದೆ. ಆ ಚಾಕಚಕ್ಯತೆ ಇಲ್ಲಿ ಎಲ್ಲೂ ಕಾಣದು, ಅದನ್ನು ಒಪ್ಪಲೇಬೇಕು. ಇಲ್ಲಿ ಸರದಿ ಬಂದಾಗ ಒಬ್ಬರದೇ ಮಾತು. ಕೆಲವು ಅಂಗಡಿಗಳಲ್ಲಿ ಸಣ್ಣ ಮೊತ್ತಕ್ಕೆ ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಕೆಲವು ಕಡೆ ತಿಂಡಿ ಮುಟ್ಟುವ ಕೈ ದುಡ್ಡು ಮುಟ್ಟಬಾರದೆಂದು ಕೌಂಟರಿನಲ್ಲಿ ಯಂತ್ರ ಇರುತ್ತದೆ; ನಾಣ್ಯವನ್ನು ಅದರ ಬಾಯಿಗೆ ಹಾಕಿದರೆ ಬಾಕಿ ಕೆಳಗೆ ಬೀಳುತ್ತದೆ.

ಮೊಟ್ಟೆ ತಿನ್ನದವರಿಗೆ ಪ್ಯಾರಿಸ್ ಸ್ವಲ್ಪ ಕಷ್ಟ. ಮೊಟ್ಟೆಯಿಲ್ಲದೆಯೇ ಒಂದು ಇಡೀ ಬೇಕರಿ ಪರಂಪರೆ ಕಟ್ಟಿದ ನಮ್ಮ ಅಯ್ಯಂಗಾರರ ಜಾಣ್ಮೆ ಏನೆಂದು ಅರ್ಥವಾಗುವುದು ಇಲ್ಲಿಗೆ ಬಂದ ಮೇಲೇ. ಕ್ರೊಸಾಂಟಿನ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೆ ಹೊಳಪಿಗೆ ಮೇಲೆ ಹಚ್ಚಿರುತ್ತಾರೆ. ಎಕ್ಲೇರು, ಟಾರ್ಟು, ಕ್ರೀಮು ತುಂಬಿದ್ದು ಎಲ್ಲದರಲ್ಲೂ ಇದೆ. ಟ್ರಾಡಿಸಿಯೊಂ ಬಗೆಟ್ ನಿಶ್ಚಿಂತೆ. ಪಾಲ್ಮಿಯೇ ಎಂಬ ಎರಡು ಸುರುಳಿಯ ಗರಿಗರಿ ಬಿಸ್ಕತ್ತು ಸಾಮಾನ್ಯವಾಗಿ ಪದರದ ಹಿಟ್ಟು ಮತ್ತು ಸಕ್ಕರೆ ಮಾತ್ರ, ಆದರೂ ಕೇಳಿಕೊಳ್ಳಿ. ಯುರೋಪಿನ ನಿಯಮದಂತೆ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಅಂಗಡಿಯಲ್ಲಿ ಸಿಗಬೇಕು, ಮೊಟ್ಟೆ ಆ ಪಟ್ಟಿಯಲ್ಲಿದೆ. ಜೆಲಾಟಿನ್ ಆ ಪಟ್ಟಿಯಲ್ಲಿಲ್ಲ. ಕನ್ನಡಿಯಂತೆ ಹೊಳೆಯುವ ಕೇಕು, ಮೂಸ್ ಇವುಗಳಲ್ಲಿ ಅದು ಸಾಮಾನ್ಯ, ಯುರೋಪಿನಲ್ಲಿ ಹೆಚ್ಚಾಗಿ ಹಂದಿಯ ಚರ್ಮದಿಂದ ಬಂದದ್ದು. ಅದನ್ನು ಬೇರೆಯಾಗಿ ಕೇಳಲೇಬೇಕು.

ಪಟ್ಟಿಯಲ್ಲಿ ಒಂದೆರಡು ಹೆಸರು ಉಳಿಸಿಕೊಳ್ಳಿ ಅಂದೆನಲ್ಲ, ಆ ಒಂದು ಮೊಂಟೊರ್ಗೈಲ್ ಬೀದಿಯ ಸ್ಟೋರೇರ್ ಆಗಬಹುದು. 1730ರಲ್ಲಿ ತೆರೆದ, ಪ್ಯಾರಿಸ್ಸಿನ ಅತ್ಯಂತ ಹಳೆಯ ಪೇಸ್ಟ್ರಿ ಅಂಗಡಿ ಎನ್ನಿಸಿಕೊಂಡ ಜಾಗ. ಅಲ್ಲಿಯ ಬಾಬಾ ಎಂಬ ಕೇಕು ಹೆಸರುವಾಸಿ. ರಮ್ಮಿನಲ್ಲಿ ನೆನೆದದ್ದು ಎಂಬುದು ತಿಳಿದಿರಲಿ. ಕನೆಲೆ ಎಂಬ ಪುಟ್ಟ ಕೇಕನ್ನು ಬೋರ್ಡೋ ನಗರದಲ್ಲಿ ತಿನ್ನಿ, ಕುಯಿನ್ ಅಮಾನ್ ಎಂಬ ಪದರದ ಸಿಹಿತಿಂಡಿಯನ್ನು ಬ್ರೆಟಾನ್ಯ ಪ್ರಾಂತ್ಯದಲ್ಲಿ. ಹುಟ್ಟಿದ ಊರಿನಲ್ಲಿ ಇವುಗಳ ಸರದಿ ಬೇಗಬೇಗ ಖಾಲಿಯಾಗುವುದರಿಂದ ತಾಜಾ ಸಿಗುತ್ತದೆ. ಕನೆಲೆಯ ಗರಿಗರಿ ಹೊರಮೈ ಕೆಲವೇ ತಾಸು ಉಳಿಯುವುದು, ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಮೆತ್ತಗಾಗುತ್ತದೆ. ಕುಯಿನ್ ಅಮಾನಿನಲ್ಲಿ ಬೆಣ್ಣೆ, ಸಕ್ಕರೆ ಜಾಸ್ತಿ, ರೈಲಿನಲ್ಲಿ ಮರುದಿನಕ್ಕೂ ತಡೆಯುತ್ತದೆ. ಕ್ರೀಮಿನ ತಿಂಡಿ ಹೋಟೆಲ್ ಕೋಣೆಯ ಮೇಜಿನ ಮೇಲೆ ಬಿಡಬೇಡಿ. ಉಳಿದ ಕ್ರೊಸಾಂಟನ್ನು 150 ಡಿಗ್ರಿ ಒಲೆಯಲ್ಲಿ ಐದು ನಿಮಿಷ ಇಟ್ಟು, ಹೊರತೆಗೆದು ಎರಡು ನಿಮಿಷ ಆರಲು ಬಿಟ್ಟರೆ ಪದರ ಮತ್ತೆ ಗರಿಯಾಗುತ್ತದೆ. ಮೈಕ್ರೋವೇವಿಗೆ ಹಾಕಿದರೆ ಒಳಗಿನ ತೇವ ಆವಿಯಾಗಿ ಹೊರಪದರಕ್ಕೆ ಸೇರಿ, ಆರುತ್ತಲೇ ರಬ್ಬರಾಗುತ್ತದೆ.