ಕತ್ತಲೆಗೆ ಮಾತ್ರ ಕ್ರೆಡಿಟ್ ಕೊಟ್ಟರೆ ಹೇಗೆ?

ಟರ್ಕಿಯ ಗೊರೆಮೆಯಲ್ಲಿ ಬಂಡೆ ಕೊರೆದು ಮಾಡಿದ 'ಕರಾನ್ಲಿಕ್ ಕಿಲಿಸೆ', ಅಂದರೆ ಕತ್ತಲೆ ಚರ್ಚಿನ ಗೋಡೆ ಚಿತ್ರಗಳು ಉಳಿದಿದ್ದು ಬೆಳಕು ಬೀಳದ್ದರಿಂದ ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಅರ್ಧ ಸರಿ. ಪುಟ್ಟ ಕಿಟಕಿಯೊಂದರಿಂದ ಬರುವ ಬೆಳಕು ಅಷ್ಟಕ್ಕಷ್ಟೇ, ಹಾಗಾಗಿ 11ನೇ ಶತಮಾನದ ಆ ಚಿತ್ರಗಳ ಕಡುನೀಲಿ ಮಾಸಿಲ್ಲ. ಆದರೆ ಕತ್ತಲೆ ಮನುಷ್ಯರ ಕೈ ತಡೆಯುತ್ತದಾ? ಅಲ್ಲಿನ ಚರ್ಚುಗಳಲ್ಲಿ ಸುಮ್ನೆ ಗೋಡೆ ನೋಡಿದರೆ ಗೊತ್ತಾಗುತ್ತದೆ: ಕೈಗೆ ಎಟುಕುವ ಸಂತರ ಕಣ್ಣುಗಳನ್ನು ಕೆರೆದು ತೆಗೆದಿದ್ದಾರೆ, ಪಕ್ಕದಲ್ಲೇ ಯಾರ್ಯಾರದೋ ಹೆಸರು ಗೀಚಿದೆ. ಈ ಕತ್ತಲೆ ಚರ್ಚಿನಲ್ಲಿ, ಕೈಗೆ ಎಟುಕದ ಗುಮ್ಮಟದ ಕ್ರಿಸ್ತನಿಗೆ ಮಾತ್ರ ಏನೂ ಆಗಿಲ್ಲ.

ನೀವು ಬಿಟ್ಟಿದ್ದು ಪಾರಿವಾಳಗಳನ್ನು! 1950ರ ದಶಕದವರೆಗೂ ಈ ಚರ್ಚು ಪಾರಿವಾಳದ ಗೂಡಾಗಿತ್ತು. ಆ ಸೀಮೆಯ ರೈತರಿಗೆ ಆಗ ಪಾರಿವಾಳದ ಹಿಕ್ಕೆಯೇ ಗೊಬ್ಬರ, ದ್ರಾಕ್ಷಿ ತೋಟಕ್ಕೆ ಅದೇ ಬೇಕಿತ್ತು. ಗೂಡು ಅಂದಮೇಲೆ ಜನರ ಓಡಾಟವೂ ಕಡಿಮೆ ಅಲ್ವಾ. ಆಮೇಲೆ ಗೋಡೆ ಮೇಲಿನ ಹಿಕ್ಕೆ ಕೆರೆದು ತೆಗೆಯಲು 14 ವರ್ಷ ಹಿಡಿಯಿತಂತೆ. ಹಕ್ಕಿ ಗಲೀಜು ಚಿತ್ರಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಮಾರಾಯ್ರೇ. ಆದರೂ ಈ ಕಥೆಯಲ್ಲಿ ಅವುಗಳಿಗೆ ಒಂದು ಸಾಲಾದರೂ ಬೇಕಿತ್ತು.